ತಿರುಗುವ ನ್ಯೂಟ್ರಾನ್ ನಕ್ಷತ್ರದ ಮೇಲೆ ನೌಕೆ ಇಳಿಸಲು ಆಗದು. ಆದರೆ ಅಡ್ಡಿ ತಿರುಗುವುದಲ್ಲ

ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಕಾಲೂರಿತು. ಅಲ್ಲಿಂದೀಚೆಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ತರಗತಿಗಳಲ್ಲಿ ಭೌತಶಾಸ್ತ್ರ ಹೇಳಿಕೊಡುವವರಿಗೆ ‘ಇಳಿಯುವುದು’ ಎಂಬ ವಿಷಯದ ಮೇಲೆ ಪ್ರಶ್ನೆಗಳಿಗೆ ಬರವಿಲ್ಲ. ಮಂಗಳ ಆಯಿತು, ಶುಕ್ರ ಆಯಿತು, ಕೊನೆಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಸೆಕೆಂಡಿಗೆ ಏಳುನೂರು ಸುತ್ತು ಹೊಡೆಯೋ ನ್ಯೂಟ್ರಾನ್ ನಕ್ಷತ್ರದ ಮೇಲೆ ನೌಕೆ ಇಳಿಸೋಕಾಗುತ್ತಾ ಸಾರ್?”

ಆಗುವುದಿಲ್ಲ. ಆದರೆ ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ ಸರಿಯಿಲ್ಲ. ‘ಅಷ್ಟು ಜೋರಾಗಿ ತಿರುಗುತ್ತಿದ್ದರೆ ಕಾಲೂರಿದ್ದನ್ನೆಲ್ಲ ಕಿತ್ತು ಎಸೆಯುತ್ತದೆ’ ಎಂದು ಹೇಳಿ ಮುಗಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ತಿರುಗುವುದು ತೊಡಕುಗಳ ಸಾಲಿನಲ್ಲಿ ಬಹಳ ಹಿಂದಿದೆ, ಕೆಲವು ಕಡೆ ಸಹಾಯವನ್ನೂ ಮಾಡುತ್ತದೆ. ನಿಜವಾಗಿ ಕೊಲ್ಲುವುದು ಬೇರೆ. ಅದನ್ನು ಪಿಯು ಮಟ್ಟದ ಸೂತ್ರಗಳಲ್ಲೇ ಬಿಡಿಸಬಹುದು, ಬಿಡಿಸಬೇಕು ಕೂಡ.

ಮೊದಲು ವಸ್ತುವಿನ ಅಳತೆ. ನ್ಯೂಟ್ರಾನ್ ನಕ್ಷತ್ರ ಎಂದರೆ ಭಾರಿ ನಕ್ಷತ್ರವೊಂದು ಸಿಡಿದು ಸತ್ತ ಮೇಲೆ ಉಳಿಯುವ, ಬಹುಪಾಲು ನ್ಯೂಟ್ರಾನುಗಳೇ ತುಂಬಿದ ತಿರುಳು. ಇಲ್ಲಿನ ಲೆಕ್ಕಕ್ಕೆ ಸೂರ್ಯನ 1.4 ಪಟ್ಟು ದ್ರವ್ಯರಾಶಿ, 12 ಕಿ.ಮೀ. ತ್ರಿಜ್ಯ ಎಂದು ಇಟ್ಟುಕೊಳ್ಳೋಣ. ನಿಜವಾದ ನಕ್ಷತ್ರಗಳೂ ಇದರ ಆಸುಪಾಸಿನಲ್ಲೇ ಇವೆ. ವ್ಯಾಸ 24 ಕಿ.ಮೀ. ಎಂದಾಯಿತು. ಕೋಲಾರದಿಂದ ಕೆಜಿಎಫ್‌ಗೆ ನೇರ ಗೆರೆ ಎಳೆದರೆ ಸುಮಾರು 25 ಕಿ.ಮೀ.; ಅಷ್ಟರೊಳಗೆ ಇಡೀ ನಕ್ಷತ್ರ ಕೂರುತ್ತದೆ. ಅದರ ಸರಾಸರಿ ಸಾಂದ್ರತೆಯಲ್ಲಿ ಒಂದು ರಾಗಿ ಕಾಳಿನಷ್ಟು ಗಾತ್ರ ತೆಗೆದರೆ ತೂಕ ಆರೇಳು ಲಕ್ಷ ಟನ್.

ತಿರುಗುತ್ತಾ ನಮ್ಮ ಕಡೆಗೆ ಮಿಡಿತದಂತೆ ರೇಡಿಯೊ ಅಲೆ ಕಳಿಸುವ ನ್ಯೂಟ್ರಾನ್ ನಕ್ಷತ್ರಕ್ಕೆ ಪಲ್ಸಾರ್ ಎಂದು ಹೆಸರು. ಈವರೆಗೆ ಸಿಕ್ಕ ಪಲ್ಸಾರ್‌ಗಳಲ್ಲಿ ಅತಿ ವೇಗದ್ದು ಪಿಎಸ್‌ಆರ್ ಜೆ1748-2446ಎಡಿ. ಧನು ರಾಶಿಯ ದಿಕ್ಕಿನಲ್ಲಿರುವ ಟೆರ್ಜಾನ್ 5 ಎಂಬ ಗೋಳಗುಚ್ಛದಲ್ಲಿ (ಚೆಂಡಿನಂತೆ ಒತ್ತಾಗಿ ಕೂಡಿದ ನಕ್ಷತ್ರಗಳ ಗುಂಪು) ಜೇಸನ್ ಹೆಸೆಲ್ಸ್ ಮತ್ತು ಜೊತೆಗಾರರು 2004ರಲ್ಲಿ ಇದನ್ನು ಹಿಡಿದರು. ಇದು ಸೆಕೆಂಡಿಗೆ 716 ಸುತ್ತು ತಿರುಗುತ್ತದೆ. ನಮ್ಮ ಪ್ರಶ್ನೆಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಡ.

ತಿರುಗುವುದರಿಂದ ಏನಾಗುತ್ತದೆ

716 ಸುತ್ತು ಎಂದರೆ ಸಮಭಾಜಕದ ಮೇಲಿನ ನೆಲ ಸೆಕೆಂಡಿಗೆ ಸುಮಾರು 54 ಸಾವಿರ ಕಿ.ಮೀ. ಓಡುತ್ತಿರುತ್ತದೆ. ಬೆಳಕಿನ ವೇಗದ ಶೇ 18. ಕೇಳಿದರೆ ಎದೆ ನಡುಗುವ ಸಂಖ್ಯೆ. ಈಗ ಕೇಂದ್ರಾಪಗಾಮಿ ವೇಗೋತ್ಕರ್ಷ ತೆಗೆಯಿರಿ: ಕೋನೀಯ ವೇಗ 4,500 ರೇಡಿಯನ್, ಅದರ ವರ್ಗಕ್ಕೆ 12,000 ಮೀಟರ್ ಗುಣಿಸಿದರೆ 24 ಸಾವಿರ ಕೋಟಿ ಮೀಟರ್ ಪ್ರತಿ ಸೆಕೆಂಡ್ ವರ್ಗ. ಅದೇ ಜಾಗದಲ್ಲಿ ನ್ಯೂಟನ್ ಸೂತ್ರದ ಗುರುತ್ವ 1.3 ಲಕ್ಷ ಕೋಟಿ. ಐನ್‌ಸ್ಟೈನ್ ತಿದ್ದುಪಡಿ ಸೇರಿಸಿದರೆ 1.6 ಲಕ್ಷ ಕೋಟಿ. ಹೊರಗೆ ತಳ್ಳುವ ಬಲ ಒಳಗೆ ಎಳೆಯುವ ಬಲದ ಐದನೇ ಒಂದು ಭಾಗವೂ ಇಲ್ಲ. ಕಿತ್ತು ಎಸೆಯುವ ಮಾತು ಇಲ್ಲಿಗೇ ಮುಗಿಯಿತು. ನಕ್ಷತ್ರದ ಹೊಟ್ಟೆ ಸ್ವಲ್ಪ ಉಬ್ಬಿರುತ್ತದೆ, ಅಷ್ಟೆ. ತಿರುಗುವಿಕೆಯೇ ನಕ್ಷತ್ರವನ್ನು ಚೆದುರಿಸಬೇಕಾದರೆ ಸೆಕೆಂಡಿಗೆ ಸಾವಿರ ಸುತ್ತಿನ ಮೇಲೆ ಹೋಗಬೇಕು. ಅಂಥದ್ದು ಇನ್ನೂ ಸಿಕ್ಕಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ಶ್ರೀಹರಿಕೋಟದಿಂದ ರಾಕೆಟ್ ಪೂರ್ವಕ್ಕೆ ಹಾರಿಸುವುದು ಭೂಮಿಯ ತಿರುಗುವಿಕೆಯಿಂದ ಸೆಕೆಂಡಿಗೆ ಅರ್ಧ ಕಿ.ಮೀ.ಗೆ ಹತ್ತಿರದ ವೇಗ ಪುಕ್ಕಟೆ ಸಿಗುತ್ತದೆಂದು. ಇಳಿಯುವಾಗಲೂ ಇದೇ ನ್ಯಾಯ. ಬಹುದೂರದಿಂದ ಬೀಳುವ ವಸ್ತು ನ್ಯೂಟ್ರಾನ್ ನಕ್ಷತ್ರದ ನೆಲ ಮುಟ್ಟುವ ಹೊತ್ತಿಗೆ ಸೆಕೆಂಡಿಗೆ 1.76 ಲಕ್ಷ ಕಿ.ಮೀ. ವೇಗದಲ್ಲಿರುತ್ತದೆ. ಧ್ರುವದ ಮೇಲೆ ನೇರ ಬಿದ್ದರೆ ಅಷ್ಟನ್ನೂ ಕಳೆಯಬೇಕು. ಸಮಭಾಜಕದ ಗುಂಟ, ನಕ್ಷತ್ರ ತಿರುಗುವ ದಿಕ್ಕಿನಲ್ಲೇ ಸವರಿಕೊಂಡು ಬಂದರೆ ನೆಲವೂ ಅದೇ ದಿಕ್ಕಿಗೆ ಓಡುತ್ತಿರುವುದರಿಂದ ಕಳೆಯಬೇಕಾದ್ದು ಸುಮಾರು 1.26 ಲಕ್ಷ ಕಿ.ಮೀ.ಗೆ ಇಳಿಯುತ್ತದೆ. ಐವತ್ತು ಸಾವಿರ ಕಿ.ಮೀ. ಉಳಿತಾಯ. ತಿರುಗುವ ನೆಲ ಬೇಡವೇ ಬೇಡ ಎನ್ನುವವರಿಗೆ ಧ್ರುವಗಳು ಹೇಗೂ ಇವೆ. ಅಲ್ಲಿ ನೆಲ ಎಲ್ಲಿಗೂ ಓಡುವುದಿಲ್ಲ.

ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳಂತೆ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಕಕ್ಷೆಯೂ ಇಲ್ಲಿ ಉಂಟು. ಭೂಮಿಗೆ ಅದು 36 ಸಾವಿರ ಕಿ.ಮೀ. ಎತ್ತರದಲ್ಲಿದೆ. ಈ ಪಲ್ಸಾರ್‌ಗೆ ಕೇಂದ್ರದಿಂದ 21 ಕಿ.ಮೀ., ಅಂದರೆ ನೆಲದಿಂದ 9 ಕಿ.ಮೀ. ಮೇಲೆ. ಅಲ್ಲಿಂದ ಕೆಳಗಿನ ನೆಲ ಅಲುಗಾಡದೆ ಕಾಣಬೇಕು. ನೋಡಲು ನೌಕೆ ಉಳಿದಿರುವುದಿಲ್ಲ ಎಂಬುದು ಮುಂದಿನ ಮಾತು.

ಇಷ್ಟು ವೇಗ ಬಂದದ್ದಾದರೂ ಎಲ್ಲಿಂದ? ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರಲ್ಲಿ ನಮ್ಮ ರಾಜ್ಯದ ನಂಟಿನವರಿದ್ದಾರೆ. ಸೆಕೆಂಡಿಗೆ 642 ಸುತ್ತು ತಿರುಗುವ ಮೊದಲ ಮಿಲಿಸೆಕೆಂಡ್ ಪಲ್ಸಾರ್ 1982ರಲ್ಲಿ ಅರೆಸಿಬೊ ದೂರದರ್ಶಕದಲ್ಲಿ ಸಿಕ್ಕಾಗ ಆ ತಂಡದಲ್ಲಿ ಹುಬ್ಬಳ್ಳಿಯಲ್ಲಿ ಓದಿ ಬೆಳೆದ ಶ್ರೀನಿವಾಸ ಕುಲಕರ್ಣಿ ಇದ್ದರು. ಅದೇ ವರ್ಷ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ವಿವರಣೆ ಮುಂದಿಟ್ಟರು: ಮುದಿ ನ್ಯೂಟ್ರಾನ್ ನಕ್ಷತ್ರ ಪಕ್ಕದ ಜೋಡಿ ನಕ್ಷತ್ರದಿಂದ ಅನಿಲ ಎಳೆದುಕೊಳ್ಳುತ್ತದೆ, ಸುತ್ತುತ್ತಾ ಬೀಳುವ ಆ ಅನಿಲ ನಕ್ಷತ್ರವನ್ನು ಮತ್ತೆ ವೇಗವಾಗಿ ತಿರುಗಿಸುತ್ತದೆ. ಹೀಗೆ ಮರುಹುಟ್ಟು ಪಡೆದ ನಕ್ಷತ್ರಗಳ ಕಾಂತಕ್ಷೇತ್ರ ದುರ್ಬಲ. ಎಳೆಯ ಪಲ್ಸಾರ್‌ಗಳಲ್ಲಿ ಅದು ಸುಮಾರು ಒಂದು ಲಕ್ಷ ಕೋಟಿ ಗಾಸ್ (ಕಾಂತಕ್ಷೇತ್ರದ ಮಾನ; ಹತ್ತು ಸಾವಿರ ಗಾಸ್ ಎಂದರೆ ಒಂದು ಟೆಸ್ಲಾ) ಇದ್ದರೆ, ಅತಿ ವೇಗದವುಗಳಲ್ಲಿ ಹತ್ತು ಕೋಟಿಯಿಂದ ನೂರು ಕೋಟಿ ಗಾಸ್ ಮಾತ್ರ. ನೌಕೆ ಕಳಿಸುವವರಿಗೆ ಇದು ಮುಖ್ಯ ವಿಷಯ: ಅತಿ ವೇಗವಾಗಿ ತಿರುಗುವುದೇ ಅತಿ ಅಪಾಯದ್ದು ಎಂದೇನೂ ಇಲ್ಲ.

ವಿಕ್ರಮ್ ಇಳಿದ ಹಾಗೆ ಇಳಿಸಿ ನೋಡೋಣ

ದೂರದ ವಿಷಯ ಬೇಗ ಮುಗಿಸೋಣ. ನಮಗೆ ಅತಿ ಹತ್ತಿರದ ಮಿಲಿಸೆಕೆಂಡ್ ಪಲ್ಸಾರ್ ಜೆ0437-4715, ಸುಮಾರು 510 ಜ್ಯೋತಿರ್ವರ್ಷ ದೂರ, ಸೆಕೆಂಡಿಗೆ 174 ಸುತ್ತು. ಸೆಕೆಂಡಿಗೆ 17 ಕಿ.ಮೀ. ಓಡುವ ವಾಯೇಜರ್-1ರ ವೇಗದಲ್ಲಿ ಹೊರಟರೆ 90 ಲಕ್ಷ ವರ್ಷ ಬೇಕು. ತಲುಪಿದೆವೆಂದೇ ಇಟ್ಟುಕೊಳ್ಳಿ.

ವಿಕ್ರಮ್ ಕೊನೆಯ ಇಳಿತವನ್ನು ಸುಮಾರು 30 ಕಿ.ಮೀ. ಎತ್ತರದಲ್ಲಿ ಶುರು ಮಾಡಿತು. ಆಗ ಅದರ ವೇಗ ಸೆಕೆಂಡಿಗೆ 1.68 ಕಿ.ಮೀ. ನೆಲ ಮುಟ್ಟಲು ಹತ್ತಿರಹತ್ತಿರ 19 ನಿಮಿಷ. ಅಷ್ಟು ಹೊತ್ತಿನಲ್ಲಿ ಎತ್ತರ ಅಳೆಯುವುದು, ಅಡ್ಡ ವೇಗ ಅಳೆಯುವುದು, ಫೋಟೊ ತೆಗೆದು ಗುಂಡಿ-ಬಂಡೆ ಗುರುತಿಸುವುದು, ನೂಕುಬಲ ಏರಿಸಿ ಇಳಿಸುವುದು ಎಲ್ಲ ನಡೆಯಿತು. ಚಂದ್ರನ ಗುರುತ್ವ 1.62 ಮೀಟರ್ ಪ್ರತಿ ಸೆಕೆಂಡ್ ವರ್ಗ. ನ್ಯೂಟ್ರಾನ್ ನಕ್ಷತ್ರದ್ದು, ಆಕಸ್ಮಿಕವಾಗಿ, ಹೆಚ್ಚುಕಡಿಮೆ ಅದೇ ಅಂಕಿ, ಒಂದು ಲಕ್ಷ ಕೋಟಿ ಪಟ್ಟು. ಹೋಲಿಸಲು ಇದಕ್ಕಿಂತ ಅನುಕೂಲ ಇನ್ನೇನು ಬೇಕು.

ನ್ಯೂಟ್ರಾನ್ ನಕ್ಷತ್ರದ ನೆಲದಿಂದ ಅದೇ 30 ಕಿ.ಮೀ. ಎತ್ತರ ದಾಟುವಾಗ ದೂರದಿಂದ ಬೀಳುತ್ತಿರುವ ನೌಕೆಯ ವೇಗ ಸೆಕೆಂಡಿಗೆ 94 ಸಾವಿರ ಕಿ.ಮೀ. ಅಲ್ಲಿಂದ ನೆಲಕ್ಕೆ ಸೆಕೆಂಡಿನ ನಾಲ್ಕು ಸಾವಿರದ ಒಂದು ಭಾಗ, 250 ಮೈಕ್ರೊಸೆಕೆಂಡ್. ಲೇಸರ್ ಎತ್ತರಮಾಪಕದಿಂದ ಒಂದು ಮಿಡಿತ ಕೆಳಗೆ ಬಿಟ್ಟರೆ ಬೆಳಕಿಗೆ ನೆಲ ಮುಟ್ಟಲೇ 100 ಮೈಕ್ರೊಸೆಕೆಂಡ್ ಬೇಕು. ಅದು ಮೇಲೆ ಬಂದು ಬೀಳುತ್ತಿರುವ ನೌಕೆಗೆ ಸಿಗುವಾಗ ಒಟ್ಟು 150 ಮೈಕ್ರೊಸೆಕೆಂಡ್ ಹತ್ತಿರ ಆಗಿರುತ್ತದೆ. ಮೊದಲ ಎತ್ತರದ ಅಂಕಿ ಕೈಗೆ ಬರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯ ಕಳೆದುಹೋಯಿತು, ನೌಕೆಯೂ ಹಿಂದಿನ ಜಾಗದಲ್ಲಿಲ್ಲ. ಅಳೆದು, ಯೋಚಿಸಿ, ಎಂಜಿನ್ ತಿದ್ದುವ ವಿಧಾನವೇ ಇಲ್ಲಿ ನಡೆಯುವುದಿಲ್ಲ. ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಕಣ್ಣು ಮುಚ್ಚಿ ಇಳಿಸಬೇಕು.

ವೇಗ ಕಳೆಯುವುದು ಹೇಗೆ? ಗಾಳಿಯ ಆಸರೆ ಇಲ್ಲ. ನ್ಯೂಟ್ರಾನ್ ನಕ್ಷತ್ರಕ್ಕೂ ವಾತಾವರಣ ಉಂಟು, ಆದರೆ ಅದರ ದಪ್ಪ ಮಿಲಿಮೀಟರಿನಿಂದ ಕೆಲವು ಸೆಂಟಿಮೀಟರ್. ಹಾಗಾಗಿ ಎಂಜಿನ್ ಒಂದೇ ಗತಿ. ಇಸ್ರೋದ ಸಿಇ-20 ಕ್ರಯೋಜೆನಿಕ್ ಎಂಜಿನ್ನಿನಿಂದ ಅನಿಲ ಸೆಕೆಂಡಿಗೆ ಸುಮಾರು 4.3 ಕಿ.ಮೀ. ವೇಗದಲ್ಲಿ ಹೊರಬೀಳುತ್ತದೆ. ರಾಸಾಯನಿಕ ಎಂಜಿನ್ನುಗಳಲ್ಲಿ ಇದು ಒಳ್ಳೆಯ ವೇಗ. ರಾಕೆಟ್ ಸಮೀಕರಣಕ್ಕೆ ಇದನ್ನೂ 1.76 ಲಕ್ಷ ಕಿ.ಮೀ.ಯನ್ನೂ ಹಾಕಿದರೆ, ಇಳಿಯುವ ಒಂದು ಕಿಲೋಗೆ ಬೇಕಾಗುವ ಇಂಧನದ ಕಿಲೋ ಲೆಕ್ಕ 17 ಸಾವಿರಕ್ಕೂ ಹೆಚ್ಚು ಅಂಕಿಗಳ ಸಂಖ್ಯೆಯಾಗುತ್ತದೆ. ಕಾಣುವ ವಿಶ್ವದ ಪರಮಾಣುಗಳನ್ನೆಲ್ಲ ಎಣಿಸಿದರೂ ಸುಮಾರು 80 ಅಂಕಿಯ ಸಂಖ್ಯೆ ಸಾಕು. ಸಮಭಾಜಕದ ದಾರಿ ಹಿಡಿದರೆ ಈ 17 ಸಾವಿರ ಅಂಕಿ 12 ಸಾವಿರ ಚಿಲ್ಲರೆಗೆ ಇಳಿಯುತ್ತದೆ. ತಿರುಗುವಿಕೆ ಎಷ್ಟು ಸಹಾಯ ಮಾಡುತ್ತದೆ, ಆ ಸಹಾಯ ಎಷ್ಟು ಸಾಲದು, ಎರಡೂ ಇಲ್ಲಿ ಒಟ್ಟಿಗೆ ಕಾಣುತ್ತದೆ.

ಬೆಳಕನ್ನೇ ಹಿಂದಕ್ಕೆ ಉಗುಳುವ ಆದರ್ಶ ಎಂಜಿನ್ ಇದ್ದರೆ? ಪ್ರತಿವಸ್ತು ಸುಟ್ಟು ನಡೆಸುವಂಥದ್ದು. ಆಗ ಇಂಧನದ ಲೆಕ್ಕ ಅಚ್ಚರಿ ಎನಿಸುವಷ್ಟು ಹಗುರ: ಇಳಿಯುವ ನೌಕೆಯ ಎರಡು ಪಟ್ಟು ತೂಕದಿಂದ ಹೊರಟರೆ ವೇಗ ಕಳೆಯಬಹುದು. ಆದರೆ ಸಾಮರ್ಥ್ಯ ಎಷ್ಟು ಬೇಕು ನೋಡಿ. ಈ ಗುರುತ್ವದಲ್ಲಿ ಒಂದು ಕಿಲೋ ವಸ್ತುವನ್ನು ಬೀಳದಂತೆ ಹಿಡಿದಿಡಲು ಬೆಳಕಿನ ಎಂಜಿನ್ 48ರ ಮುಂದೆ 19 ಸೊನ್ನೆ ಹಾಕಿದಷ್ಟು ವ್ಯಾಟ್ ಸುರಿಯಬೇಕು. ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕಿನ ಪೂರ್ಣ ಸಾಮರ್ಥ್ಯ 2,050 ಮೆಗಾವ್ಯಾಟ್. ಅಂಥ 23 ಸಾವಿರ ಕೋಟಿ ಪಾರ್ಕುಗಳು ಬೇಕು, ಒಂದು ಕಿಲೋಗೆ. ಆ ಶಕ್ತಿಯ ಒಂದಿಷ್ಟು ಭಾಗ ಎಂಜಿನ್ನಿನ ಗೋಡೆಗೆ ತಗುಲಿದರೂ ಎಂಜಿನ್ ಆವಿ. ತೇಲುತ್ತಾ ಜಾಗ ಹುಡುಕಲು ನಿಂತರೆ ಪ್ರತಿ ಮೈಕ್ರೊಸೆಕೆಂಡಿನಲ್ಲೂ ಸೆಕೆಂಡಿಗೆ 1,600 ಕಿ.ಮೀ. ವೇಗ ಕಳೆಯುವಷ್ಟು ಇಂಧನ ಸುಡುತ್ತಾ ಹೋಗಬೇಕು.

ಕೊನೆಯ ಗಳಿಗೆಯ ಲೆಕ್ಕ ಇನ್ನೂ ಕಟ್ಟುನಿಟ್ಟು. ವಿಕ್ರಮ್‌ನ ಕಾಲುಗಳನ್ನು ಸೆಕೆಂಡಿಗೆ 3 ಮೀಟರ್ ವೇಗದ ಪೆಟ್ಟು ತಡೆಯುವಂತೆ ಗಟ್ಟಿ ಮಾಡಿದ್ದರು. ಚಂದ್ರನ ಮೇಲೆ ಸುಮಾರು 2.8 ಮೀಟರ್ ಎತ್ತರದಲ್ಲಿ ಎಂಜಿನ್ ಆರಿದರೂ ಅಷ್ಟೇ ವೇಗ ಬರುವುದು. ಇಲ್ಲಿ ಅದೇ ಪೆಟ್ಟಿಗೆ ಎಂಜಿನ್ ಆರಬೇಕಾದ ಎತ್ತರ 2.8 ಪಿಕೊಮೀಟರ್: ಒಂದು ಹೈಡ್ರೋಜನ್ ಪರಮಾಣುವಿನ ಅಗಲದ ಮೂವತ್ತು-ನಲವತ್ತನೇ ಒಂದು ಭಾಗ. ಒಂದು ಮಿಲಿಮೀಟರ್ ಮೇಲೆ ಆರಿತೋ, ನೆಲಕ್ಕೆ ಬಡಿಯುವ ವೇಗ ಸೆಕೆಂಡಿಗೆ 57 ಕಿ.ಮೀ. ಒಂದು ಮೀಟರ್ ಮೇಲೆ ಆರಿದರೆ 1,800 ಕಿ.ಮೀ.

ಕಂಬಿ ಎಲ್ಲಿ ತುಂಡಾಗುತ್ತದೆ

ಇಷ್ಟೆಲ್ಲ ನಡೆಯುವ ಮೊದಲೇ ನೌಕೆ ಹರಿದುಹೋಗುತ್ತದೆ. ನಕ್ಷತ್ರಕ್ಕೆ ಹತ್ತಿರದ ತುದಿಯನ್ನು ಗುರುತ್ವ ಹೆಚ್ಚು ಎಳೆಯುತ್ತದೆ, ದೂರದ ತುದಿಯನ್ನು ಕಡಿಮೆ. ಸಮುದ್ರದ ಉಬ್ಬರಕ್ಕೆ ಕಾರಣವಾಗುವ ಬಲವೇ ಇದು. ಪ್ರತಿ ಮೀಟರಿಗೆ ಎಷ್ಟು ವ್ಯತ್ಯಾಸ ಎಂಬುದು ದೂರದ ಘನಕ್ಕೆ ವಿಲೋಮವಾಗಿ ಏರುತ್ತದೆ, ಅಂದರೆ ದೂರ ಅರ್ಧವಾದರೆ ಎಂಟು ಪಟ್ಟು.

ನಕ್ಷತ್ರದ ಕೇಂದ್ರದಿಂದ 10,000 ಕಿ.ಮೀ. ದೂರದಲ್ಲಿ ಇದು ಮೀಟರಿಗೆ 0.37; ಭೂಮಿಯ ಗುರುತ್ವದ ಶೇ 4ರಷ್ಟು. ಏನೂ ಆಗದು. 1,000 ಕಿ.ಮೀ.ಗೆ ಬಂದರೆ ಮೀಟರಿಗೆ 372, ಅಂದರೆ ಭೂಮಿಯ ಗುರುತ್ವದ 38 ಪಟ್ಟು. ವಿಕ್ರಮ್‌ನ ಅಗಲ 2 ಮೀಟರ್. ಅದರ ನಡುಭಾಗದಿಂದ ಒಂದು ತುದಿಯನ್ನು 38 ಪಟ್ಟು ಬಲದಿಂದ ಆಚೆಗೆ, ಇನ್ನೊಂದನ್ನು ಅಷ್ಟೇ ಬಲದಿಂದ ಈಚೆಗೆ ಜಗ್ಗಿದ ಹಾಗೆ. ಟ್ಯಾಂಕಿನ ಬೆಸುಗೆ, ಸೋಲಾರ್ ಫಲಕದ ಕೀಲು, ವೈರಿನ ಸೇರಿಕೆಗಳು ಮೊದಲು ಬಿಡುತ್ತವೆ. ಮನುಷ್ಯನ ಕಥೆ ಅಲ್ಲಿಗೇ ಮುಗಿಯಿತು.

ಯಂತ್ರ ಬಿಡಿ, ಗಟ್ಟಿ ಉಕ್ಕನ್ನೇ ತೆಗೆದುಕೊಳ್ಳಿ. ಮನೆ ಕಟ್ಟುವಾಗ ಪಿಲ್ಲರ್‌ಗೆ ಹಾಕುವ ಟಿಎಂಟಿ ಕಂಬಿಯ ಮೇಲೆ 500 ಎಂದು ಅಚ್ಚು ಒತ್ತಿರುತ್ತಾರಲ್ಲ, ಅದು ಚದರ ಮಿಲಿಮೀಟರಿಗೆ 500 ನ್ಯೂಟನ್ ಬಲ ತಡೆಯುತ್ತದೆ ಎಂಬ ಗುರುತು. ಅಂಥ 2 ಮೀಟರ್ ಕಂಬಿ ನಕ್ಷತ್ರದ ಕಡೆಗೆ ಮುಖ ಮಾಡಿ ಬೀಳುತ್ತಿದೆ ಎನ್ನಿ. ಅದರ ನಟ್ಟನಡುವೆ ಬೀಳುವ ಒತ್ತಡ ಎಂದರೆ ಉಕ್ಕಿನ ಸಾಂದ್ರತೆ, ಮೀಟರಿಗೆ ಇರುವ ಗುರುತ್ವ ವ್ಯತ್ಯಾಸ, ಉದ್ದದ ವರ್ಗ, ಈ ಮೂರರ ಗುಣಲಬ್ಧದ ಎಂಟನೇ ಒಂದು ಭಾಗ. ಲೆಕ್ಕ ಬಿಡಿಸಿದರೆ ಕೇಂದ್ರದಿಂದ ಸುಮಾರು 140 ಕಿ.ಮೀ. ದೂರದಲ್ಲಿ ಕಂಬಿ ಎರಡಾಗುತ್ತದೆ. ಒಂದು ಮೀಟರಿನ ಆ ತುಂಡುಗಳು ಇನ್ನಷ್ಟು ಕೆಳಗಿಳಿದು ಮತ್ತೆ ತುಂಡಾಗುತ್ತವೆ. 20 ಸೆಂ.ಮೀ. ತುಂಡು 31 ಕಿ.ಮೀ.ವರೆಗೆ ತಾಳುತ್ತದೆ.

ಸೂತ್ರದಲ್ಲಿ ಉದ್ದದ ವರ್ಗ ಇರುವುದರಿಂದ ಸಣ್ಣದಕ್ಕೆ ಭಾರಿ ರಿಯಾಯಿತಿ ಇದೆ. 5 ಸೆಂ.ಮೀ.ಗಿಂತ ಚಿಕ್ಕ ಉಕ್ಕಿನ ಗುಂಡು ಈ ಜಗ್ಗಾಟದ ಮಟ್ಟಿಗೆ ನೆಲದವರೆಗೂ ಇಡಿಯಾಗಿ ಹೋಗಬಲ್ಲದು. ನ್ಯೂಟ್ರಾನ್ ನಕ್ಷತ್ರಕ್ಕೆ ಏನಾದರೂ ಕಳಿಸುವುದೇ ಆದರೆ ದೊಡ್ಡ ನೌಕೆಯಲ್ಲ, ಗೋಲಿಯಷ್ಟರ ಅಚ್ಚುಕಟ್ಟು ಯಂತ್ರ ಕಳಿಸಬೇಕು ಎಂಬುದು ಈ ಲೆಕ್ಕದ ನೇರ ಪಾಠ. ಕಂಬಿಯ ಈ ಲೆಕ್ಕವನ್ನು ದ್ವಿತೀಯ ಪಿಯು ಮಕ್ಕಳ ಕೈಯಲ್ಲಿ ಖಂಡಿತ ಮಾಡಿಸಬೇಕು. ಬೋರ್ಡಿನ ಮೇಲೆ ಎಂಟು ಸಾಲು ಸಾಕು.

ತಿರುಗುವಿಕೆ ಕೊಲ್ಲುವುದು ಕಾಂತಕ್ಷೇತ್ರದ ಮೂಲಕ

ತಿರುಗುವುದರಿಂದ ಹಾನಿಯೇ ಇಲ್ಲ ಎಂದಲ್ಲ. ಹಾನಿ ಬರುವುದು ನೆಲ ಓಡುವುದರಿಂದಲ್ಲ, ನಕ್ಷತ್ರದ ಜೊತೆ ಸುತ್ತುವ ಕಾಂತಕ್ಷೇತ್ರದಿಂದ. ಕಾಂತಧ್ರುವ ತಿರುಗುವ ಅಕ್ಷದಿಂದ ಓರೆಯಾಗಿರುತ್ತದೆ, ಹಾಗಾಗಿ ಪಕ್ಕದಲ್ಲಿ ನಿಂತವರಿಗೆ ಕ್ಷೇತ್ರ ಸೆಕೆಂಡಿಗೆ ನೂರಾರು ಸಲ ದಿಕ್ಕು ಬದಲಿಸಿದಂತೆ ಕಾಣುತ್ತದೆ. ನಕ್ಷತ್ರದ ಜೊತೆ ಸುತ್ತುವ ಕ್ಷೇತ್ರದ ಹೊರ ಅಂಚು ಬೆಳಕಿನ ವೇಗ ಮುಟ್ಟುವ ಒಂದು ದೂರ ಇದೆ. 716 ಸುತ್ತಿನ ಪಲ್ಸಾರ್‌ಗೆ ಅದು 67 ಕಿ.ಮೀ., ಕೋಲಾರದಿಂದ ಬೆಂಗಳೂರಿಗೆ ಹೋದಷ್ಟು. ಆ ದೂರದಲ್ಲಿ ಕ್ಷೇತ್ರ ಸುಮಾರು 100 ಟೆಸ್ಲಾ ಎಣಿಸಬಹುದು. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ 1.5 ಅಥವಾ 3 ಟೆಸ್ಲಾ ಇರುತ್ತದೆ. 100 ಟೆಸ್ಲಾ ಕ್ಷೇತ್ರ ಲೋಹದ ಮೇಲೆ ಹಾಕುವ ಒತ್ತಡ ವಾಯುಮಂಡಲದ 40 ಸಾವಿರ ಪಟ್ಟು, ನಮ್ಮ ಟಿಎಂಟಿ ಕಂಬಿಯ ತಾಳಿಕೆಯ ಎಂಟು ಪಟ್ಟು. ಅದು ಸೆಕೆಂಡಿಗೆ 716 ಸಲ ಹೊರಳಿದರೆ ಲೋಹದೊಳಗೆ ಸುಳಿಪ್ರವಾಹ ಹರಿದು ಅಲ್ಲೇ ಕರಗುತ್ತದೆ. ಫೌಂಡ್ರಿಗಳಲ್ಲಿ ಕಬ್ಬಿಣ ಕರಗಿಸುವ ಇಂಡಕ್ಷನ್ ಕುಲುಮೆ ನಡೆಯುವುದೂ ಇದೇ ತತ್ವದ ಮೇಲೆ.

ಇದರ ಮೇಲೆ ಕಣಗಳ ಸುರಿಮಳೆ. ತಿರುಗುವ ಕಾಂತ ಎಂದರೆ ಡೈನಮೊ. ಸಿಡಿದ ನಕ್ಷತ್ರವೊಂದರ ಅನಿಲ ಮೋಡವಾದ ಏಡಿ ನೀಹಾರಿಕೆಯ ನಡುವಿನ ಪಲ್ಸಾರ್ ಸೆಕೆಂಡಿಗೆ 30 ಸುತ್ತು ಮಾತ್ರ ತಿರುಗುತ್ತದೆ, ಆದರೆ ಅದರ ಕ್ಷೇತ್ರ ಬಲವಾದದ್ದು. ಅದು ಹುಟ್ಟಿಸಬಲ್ಲ ವೋಲ್ಟೇಜ್ 1ರ ಮುಂದೆ 16 ಸೊನ್ನೆ ಇಟ್ಟಷ್ಟು. ತಿರುಗುವ ವೇಗ ಕಳೆದುಕೊಳ್ಳುತ್ತಾ ಅದು ಹೊರಗೆ ಸುರಿಯುವ ಶಕ್ತಿ ಸೂರ್ಯನ ಒಂದು ಲಕ್ಷ ಪಟ್ಟಿಗೂ ಮೇಲೆ. ಸೂರ್ಯನಿಂದ ಭೂಮಿ ಇರುವಷ್ಟು ದೂರದಲ್ಲಿ, ಅಂದರೆ 15 ಕೋಟಿ ಕಿ.ಮೀ. ಆಚೆಯೇ, ಒಂದು ಉಕ್ಕಿನ ತಟ್ಟೆ ಈ ಶಕ್ತಿಯನ್ನು ಹೀರಿಕೊಂಡರೆ ಆವಿಯಾಗಿ ಹೋಗುತ್ತದೆ. ಜೆ0437 ಇದಕ್ಕಿಂತ ಸಾಧು: ಅದು ಸುರಿಯುವ ಶಕ್ತಿ ಹೆಚ್ಚುಕಡಿಮೆ ಸೂರ್ಯನಷ್ಟೇ. ಆದರೂ ಚದರ ಮೀಟರಿಗೆ ಹತ್ತು ಲಕ್ಷ ವ್ಯಾಟ್ ಮೀರಬಾರದು ಎಂದರೆ 49 ಲಕ್ಷ ಕಿ.ಮೀ. ಆಚೆ ನಿಲ್ಲಬೇಕು. ಲ್ಯಾಂಡರ್ ಅಲ್ಲಿಂದ ಒಳಗೆ ಬರುವುದರೊಳಗೆ ಲ್ಯಾಂಡರ್ ಆಗಿ ಉಳಿದಿರುವುದಿಲ್ಲ.

ಬಿದ್ದದ್ದು ಏನಾಗುತ್ತದೆ? ತಡೆಯಿಲ್ಲದೆ ಬಿದ್ದ ಪ್ರತಿ ಕಿಲೋ ವಸ್ತು ಬಿಡುಗಡೆ ಮಾಡುವ ಶಕ್ತಿ ಸುಮಾರು 50 ಲಕ್ಷ ಟನ್ ಟಿಎನ್‌ಟಿಗೆ ಸಮ, ಹಿರೋಶಿಮಾ ಬಾಂಬಿನಂಥ ಮುನ್ನೂರಕ್ಕೂ ಹೆಚ್ಚು ಬಾಂಬು. ನಕ್ಷತ್ರಕ್ಕೆ ಇದು ಲೆಕ್ಕಕ್ಕೇ ಇಲ್ಲ. ಜೋಡಿ ನಕ್ಷತ್ರದಿಂದ ಅನಿಲ ಸುರಿಯುವಾಗ ಇದೇ ಕೆಲಸ ಸತತವಾಗಿ ನಡೆದು ಎಕ್ಸ್-ರೇ ಹೊಮ್ಮುತ್ತದೆ. ಭಾರತದ ಬಾಹ್ಯಾಕಾಶ ದೂರದರ್ಶಕ ಆಸ್ಟ್ರೋಸ್ಯಾಟ್ 2015ರಿಂದ ಇಂಥ ನಕ್ಷತ್ರಗಳನ್ನು ನೋಡುತ್ತಾ ಬಂದಿದೆ.

ಮೆಲ್ಲಗೆ ಇಟ್ಟರೂ ನಿಲ್ಲದು

ಇಲ್ಲಿಯವರೆಗಿನದ್ದನ್ನೆಲ್ಲ ಯಾವುದೋ ಮಾಯೆಯಿಂದ ಗೆದ್ದು ಲ್ಯಾಂಡರನ್ನು ಮೆಲ್ಲಗೆ ನೆಲದ ಮೇಲೆ ಇಟ್ಟೆವು ಎನ್ನೋಣ. ತಿರುಗದೆ ನಿಂತ ನಕ್ಷತ್ರವೇ ಆಗಿರಲಿ, ತಣ್ಣಗೇ ಇರಲಿ, ಕಾಂತಕ್ಷೇತ್ರವೂ ಬೇಡ. ಆಗಲೂ ಆಗುವುದಿಲ್ಲ, ನಿಜವಾದ ಉತ್ತರ ಇರುವುದು ಇಲ್ಲಿಯೇ.

ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3.2 ಕಿ.ಮೀ. ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಮೇಲಿನ ಬಂಡೆಯ ಭಾರ ವಾಯುಮಂಡಲದ ಒತ್ತಡದ 850 ಪಟ್ಟು ಹತ್ತಿರ. ಆ ಒತ್ತಡಕ್ಕೇ ಸುರಂಗದ ಗೋಡೆಗಳು ಸಿಡಿಯುತ್ತಿದ್ದವು. ಗಣಿಯಲ್ಲಿ ದುಡಿದ ಮನೆತನಗಳಿಗೆ ಬಂಡೆಸಿಡಿತ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ನ್ಯೂಟ್ರಾನ್ ನಕ್ಷತ್ರದ ಮೇಲೆ ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ತನ್ನ ತೂಕದಿಂದಲೇ ತನ್ನ ತಳದ ಮೇಲೆ ಹಾಕುವ ಒತ್ತಡ ವಾಯುಮಂಡಲದ 12 ಕೋಟಿ ಪಟ್ಟು. ಭೂಮಿಯ ಕೇಂದ್ರದಲ್ಲಿರುವ ಒತ್ತಡದ 35 ಪಟ್ಟು.

ಹಾಗಾದರೆ ಎಷ್ಟು ದಪ್ಪದ ಉಕ್ಕು ತನ್ನ ಭಾರ ತಾನು ತಾಳಿಕೊಳ್ಳಬಲ್ಲದು? 500ರ ತಾಳಿಕೆಯನ್ನು ಸಾಂದ್ರತೆ ಮತ್ತು ಗುರುತ್ವದ ಗುಣಲಬ್ಧದಿಂದ ಭಾಗಿಸಿ. 40 ನ್ಯಾನೊಮೀಟರ್ ಬರುತ್ತದೆ. ಕಬ್ಬಿಣದ ಇನ್ನೂರು ಪರಮಾಣು ಪದರವೂ ಇಲ್ಲ. ಅದಕ್ಕಿಂತ ಎತ್ತರದ ಯಾವುದನ್ನೇ ಇಟ್ಟರೂ ಕುಸಿದು ಹರಡಿಕೊಳ್ಳುತ್ತದೆ. ಕಾಲು, ಚಕ್ರ, ಆಂಟೆನಾ ಎಂಬ ಆಕಾರಗಳಿಗೇ ಅಲ್ಲಿ ಅರ್ಥವಿಲ್ಲ. ಹಾಗೆ ಹರಡಿಕೊಳ್ಳುವ ಒತ್ತಡದಲ್ಲಿ ಪರಮಾಣುಗಳ ಎಲೆಕ್ಟ್ರಾನುಗಳೂ ಕಳಚಿಕೊಂಡು ಲ್ಯಾಂಡರ್ ನಕ್ಷತ್ರದ ಹೊರಪದರದ ಭಾಗವೇ ಆಗುತ್ತದೆ.

ನಕ್ಷತ್ರಕ್ಕೂ ಇದೇ ನಿಯಮ. ಅದರ ಹೊರಚಿಪ್ಪು ನಮಗೆ ಗೊತ್ತಿರುವ ಯಾವ ಲೋಹಕ್ಕಿಂತಲೂ ಎಷ್ಟೋ ಕೋಟಿ ಪಟ್ಟು ಗಟ್ಟಿ. ಆದರೂ ಬೆಟ್ಟ ಎದ್ದು ನಿಲ್ಲದು. ನಂದಿಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್. ಏರುಪೇರಿನ ನಕ್ಷತ್ರ ತಿರುಗಿದರೆ ಗುರುತ್ವ ತರಂಗಗಳು ಏಳಬೇಕು; ಅವು ಸಿಗದಿರುವುದನ್ನೇ ಆಧಾರವಾಗಿಟ್ಟುಕೊಂಡು, ಆ ತರಂಗಗಳನ್ನು ಹುಡುಕುವ ಲೈಗೊ ಮತ್ತು ವರ್ಗೊ ತಂಡಗಳು 2020ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಜೆ0437ರ ಸಮಭಾಜಕದ ಆಕಾರದಲ್ಲಿ ತಲೆಗೂದಲ ದಪ್ಪಕ್ಕಿಂತ ಹೆಚ್ಚಿನ ಏರುಪೇರು ಇರಲಾರದು.

ಇಳಿಯದೆ ಅಳೆಯುವುದು

ನೌಕೆ ಇಳಿಸಬೇಕು ಎನ್ನುವುದು ನೆಲ ಹೇಗಿದೆ, ಒಳಗೆ ಏನಿದೆ ಎಂದು ತಿಳಿಯಲಿಕ್ಕೆ ತಾನೆ? ಆ ಕೆಲಸಕ್ಕೆ ತಿರುಗುವಿಕೆಯೇ ನಮ್ಮ ಕೈಗೆ ಸಿಕ್ಕಿರುವ ದೊಡ್ಡ ಸಾಧನ. ಅದು ನಕ್ಷತ್ರದ ಒಂದೊಂದು ಬದಿಯನ್ನೂ ಸರದಿಯ ಮೇಲೆ ನಮ್ಮ ಕಡೆಗೆ ತಿರುಗಿಸಿ ತೋರಿಸುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೇಲೆ 2017ರಿಂದ ಇರುವ ನೈಸರ್ ಎಂಬ ಎಕ್ಸ್-ರೇ ದೂರದರ್ಶಕ ಮಾಡುವುದು ಇದನ್ನೇ. ನಕ್ಷತ್ರದ ಮೇಲಿನ ಬಿಸಿ ಮಚ್ಚೆಗಳು ಎದುರಿಗೆ ಬಂದಾಗ ಬೆಳಕು ಏರುತ್ತದೆ, ಹಿಂದೆ ಹೋದಾಗ ಇಳಿಯುತ್ತದೆ. ಗುರುತ್ವ ಬೆಳಕನ್ನು ಬಗ್ಗಿಸುವುದರಿಂದ ಬೆನ್ನಿನ ಮೇಲಿನ ಮಚ್ಚೆಯೂ ಒಂದಿಷ್ಟು ಕಾಣುತ್ತಿರುತ್ತದೆ. ನಕ್ಷತ್ರ ಎಷ್ಟು ಅಡಕವೋ ಅಷ್ಟು ಹೆಚ್ಚು ಬಾಗು, ಅಷ್ಟು ಕಡಿಮೆ ಏರಿಳಿತ. ಈ ಏರಿಳಿತದ ಆಕಾರದಿಂದ 2024ರಲ್ಲಿ ಜೆ0437ರ ತ್ರಿಜ್ಯ ಸುಮಾರು 11.4 ಕಿ.ಮೀ. ಎಂದು ಹೊರಬಂತು; ಸೂರ್ಯನ 1.42 ಪಟ್ಟು ಎಂಬ ದ್ರವ್ಯರಾಶಿ ಮುಖ್ಯವಾಗಿ ರೇಡಿಯೊ ಮಿಡಿತಗಳ ಸಮಯದ ಅಳತೆಯಿಂದ ಬಂದದ್ದು. ತಿರುಗದ ನಕ್ಷತ್ರವಾಗಿದ್ದರೆ ಈ ಅಳತೆಯೇ ಸಾಧ್ಯವಿರಲಿಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿಗೂ ಈ ವಿದ್ಯೆಯಲ್ಲಿ ಪಾಲಿದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಅಲ್ಲಿ ಡೈಪೋಲ್ ಎಂಬ ಸಾವಿರ ರೇಡಿಯೊ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನಿಲ್ಲಿಸಿದವು. ಪೂರ್ವ–ಪಶ್ಚಿಮದ ತೋಳು 1.4 ಕಿ.ಮೀ. ಉದ್ದ. 34.5 ಮೆಗಾಹರ್ಟ್ಸ್‌ನಂಥ ತಗ್ಗಿನ ಆವರ್ತನದಲ್ಲಿ ಪಲ್ಸಾರ್‌ಗಳನ್ನು ಅಲ್ಲಿಂದ ದಾಖಲಿಸಿದರು. ವೇಗದ ಪಲ್ಸಾರ್‌ಗಳಿಗೆ ಈ ಆವರ್ತನ ಒಗ್ಗುವುದಿಲ್ಲ, ಅದಕ್ಕೂ ಕಾರಣ ಸ್ಪಷ್ಟ. ನಡುವಿನ ಬಾಹ್ಯಾಕಾಶದ ಎಲೆಕ್ಟ್ರಾನುಗಳು ತಗ್ಗಿನ ಆವರ್ತನವನ್ನು ಹೆಚ್ಚು ತಡಮಾಡುತ್ತವೆ. ಜೆ0437ರ ಮಿಡಿತ 34.5 ಮೆಗಾಹರ್ಟ್ಸ್‌ನಲ್ಲಿ ಸುಮಾರು 9 ಸೆಕೆಂಡ್ ತಡವಾಗಿ ಬರುತ್ತದೆ; ಒಂದು ಮೆಗಾಹರ್ಟ್ಸ್ ಅಗಲದ ಪಟ್ಟಿಯೊಳಗೇ ಅರ್ಧ ಸೆಕೆಂಡ್ ಹರಡಿಕೊಳ್ಳುತ್ತದೆ. ಎರಡು ಮಿಡಿತಗಳ ನಡುವಿನ ಅಂತರ ಆರು ಮಿಲಿಸೆಕೆಂಡೂ ಇಲ್ಲದಿರುವಾಗ ಎಲ್ಲ ಒಂದರ ಮೇಲೊಂದು ಕಲಸಿಹೋಗುತ್ತದೆ. ಪಟ್ಟಿಯನ್ನು ನುಣ್ಣಗೆ ಸೀಳಿ ಒಂದೊಂದರ ತಡವನ್ನೂ ತಿದ್ದಿ ಜೋಡಿಸಬೇಕು. ನಿಧಾನದ ಪಲ್ಸಾರ್‌ಗಳಿಗೆ ಈ ಕಾಟ ಕಡಿಮೆ. ಅಂದಹಾಗೆ ಜೆ0437 ನಮ್ಮ ಜಿಲ್ಲೆಗಳ ಆಕಾಶದಲ್ಲಿ ಮರೆಯಾಗಿಲ್ಲ: ದಕ್ಷಿಣದಲ್ಲಿ ಸುಮಾರು 29 ಡಿಗ್ರಿ ಎತ್ತರಕ್ಕೆ ಏರುತ್ತದೆ, ಅಗಸ್ತ್ಯ ನಕ್ಷತ್ರದ ಪಶ್ಚಿಮಕ್ಕೆ. ಬರಿಗಣ್ಣಿಗೆ ಕಾಣದು.

2024ರ ಜನವರಿ 1ರಂದು ಇಸ್ರೋ ಹಾರಿಸಿದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿರುವ ಪೋಲಿಕ್ಸ್ ಉಪಕರಣವನ್ನು ಕಟ್ಟಿದ್ದೂ ರಾಮನ್ ಸಂಸ್ಥೆಯೇ. ಎಕ್ಸ್-ರೇ ಕಿರಣ ಯಾವ ದಿಕ್ಕಿನಲ್ಲಿ ಕಂಪಿಸುತ್ತಿದೆ ಎಂಬುದನ್ನು ಅದು ಅಳೆಯುತ್ತದೆ. ಕಾಂತಕ್ಷೇತ್ರ ಎತ್ತ ಓರೆಯಾಗಿದೆ ಎಂಬ ಸುಳಿವು ಅದರಿಂದ ಸಿಗುತ್ತದೆ. ಲ್ಯಾಂಡರನ್ನು ಕರಗಿಸುತ್ತಿದ್ದ ಅದೇ ಕ್ಷೇತ್ರ.

ನೌಕೆ ಕಳಿಸಲೇಬೇಕೆಂದರೆ ಲೆಕ್ಕಕ್ಕೆ ಒಗ್ಗುವ ಒಂದು ದಾರಿ ಇದೆ: ಇಳಿಯುವುದಲ್ಲ, ಹಾದುಹೋಗುವುದು. ಅದಕ್ಕೆ ಆರಿಸಬೇಕಾದ್ದು ಪಲ್ಸಾರ್ ಅಲ್ಲ. ಮಿಡಿತ ನಿಂತ, ಜೋಡಿ ಇಲ್ಲದ, ತಣ್ಣಗಾಗಿರುವ ಹಳೆಯ ನ್ಯೂಟ್ರಾನ್ ನಕ್ಷತ್ರ. ನಮ್ಮ ಗ್ಯಾಲಕ್ಸಿಯಲ್ಲಿ ಇಂಥವು ಹತ್ತಾರು ಕೋಟಿ ಇರಬೇಕೆಂಬ ಅಂದಾಜಿದೆ. ಮೇಲ್ಮೈ ಒಂದು ಲಕ್ಷ ಕೆಲ್ವಿನ್ ಇದ್ದರೆ 10,000 ಕಿ.ಮೀ. ದೂರದಲ್ಲಿ ಚದರ ಮೀಟರಿಗೆ ಬೀಳುವ ಶಾಖ ಸುಮಾರು 80 ಲಕ್ಷ ವ್ಯಾಟ್. ಜೋರೇ, ಆದರೆ ಹೊರಗಿನಿಂದ ಭೂಮಿಗೆ ಮರಳುವ ಕೋಶಗಳ ಶಾಖಕವಚ ತಡೆಯುವ ಮಟ್ಟದ್ದು. ಅಲ್ಲಿ ನೌಕೆಯ ವೇಗ ಸೆಕೆಂಡಿಗೆ 6,100 ಕಿ.ಮೀ.; ಅತಿ ಬಿಸಿಯ ಭಾಗ ಕೆಲವೇ ಸೆಕೆಂಡುಗಳಲ್ಲಿ ದಾಟಿಹೋಗುತ್ತದೆ. ಜಗ್ಗಾಟ ಮೀಟರಿಗೆ ಭೂಮಿಯ ಗುರುತ್ವದ ಶೇ 4, ಸೋಲಾರ್ ಫಲಕವನ್ನು ಮಡಿಚಿಟ್ಟರೆ ಸಾಕು. 24 ಕಿ.ಮೀ.ಯ ನಕ್ಷತ್ರ ಅಲ್ಲಿಂದ ಹುಣ್ಣಿಮೆ ಚಂದ್ರನ ಕಾಲುಭಾಗಕ್ಕಿಂತ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ, ಮಾಮೂಲಿ ಕ್ಯಾಮೆರಾ ಅದರ ಅಂಚನ್ನು ಗುರುತಿಸಬಲ್ಲದು. ದಾರಿ ಎಷ್ಟು ಬಾಗಿತು ಎಂಬುದರಿಂದ ದ್ರವ್ಯರಾಶಿ, ಚಿತ್ರದಿಂದ ತ್ರಿಜ್ಯ, ರೋಹಿತದ ಗೆರೆಗಳು ಕೆಂಪಿಗೆ ಸರಿದ ಪ್ರಮಾಣದಿಂದ ಎರಡರ ಅನುಪಾತ. ಮೂರೂ ಬೇರೆಬೇರೆ ಅಳತೆ, ಒಂದನ್ನೊಂದು ತಾಳೆ ನೋಡಬಹುದು. ನ್ಯೂಟ್ರಾನ್ ನಕ್ಷತ್ರದ ಒಡಲಲ್ಲಿರುವ ವಸ್ತು ಎಷ್ಟು ಗಡುಸು ಎಂಬ ಪ್ರಶ್ನೆಗೆ ಬೇಕಾಗಿರುವ ಅಂಕಿಗಳು ಇವೇ.